‘ಹೋದರು’ ಎಂದು ಬರೆಯಲಾರದ ನಿಗಾರ್

ಸ್ಯಾನ್ ಡಿಯಾಗೋದ ಒಳಭಾಗದಲ್ಲಿ, ಪೊವೇ ಅನ್ನುವ ಊರಿನಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ, ಸಿಕಮೋರ್ ಮೇಸಾ ಅಂತ ಒಂದು ಕಮ್ಯುನಿಟಿ ಕಾಲೇಜು ಸಿಗುತ್ತದೆ. ಬಾಗಿಲಲ್ಲೇ ಗಾಜಿನ ಚೌಕಟ್ಟಿನೊಳಗೆ ಕಾಲೇಜಿನ ಧ್ಯೇಯವನ್ನು ಬರೆದು ತೂಗುಹಾಕಿದ್ದಾರೆ. ಹನ್ನೊಂದು ಸಾಲು. ಸಮಾನತೆ, ಸಮಗ್ರತೆ, ಸಬಲೀಕರಣ, ತೂಕದ ಪದಗಳೆಲ್ಲ ಹಾಜರು. ಮೂರು ಸಲ ಓದಿದರೂ ಯಾರು ಯಾರಿಗೆ ಏನು ಮಾಡುತ್ತಾರೆ ಅನ್ನೋದು ಮಾತ್ರ ಗೊತ್ತಾಗುವುದಿಲ್ಲ. ಆ ಬಾಗಿಲು ದಾಟಿ ಎಡಕ್ಕೆ ತಿರುಗಿ. ದಾಖಲೆ ವಿಭಾಗದ ನಾಲ್ಕನೇ ಕಿಟಕಿಯಲ್ಲಿ ತಲೆ ತುಂಬ ದುಪಟ್ಟಾ ಹೊದ್ದ ಒಬ್ಬ ಹೆಂಗಸು ಕೂತಿರುತ್ತಾರೆ. ಹೆಸರು ನಿಗಾರ್. ಕಾಲೇಜು ಏನು ಮಾಡುತ್ತೆ ಅಂತ ಆಕೆಯನ್ನು ಕೇಳಿ, ಒಂದೇ ಉಸಿರಿಗೆ ಹೇಳುತ್ತಾರೆ: “ಯಾರು ಬಂದ್ರೂ ಸೇರಿಸ್ಕೋತೀವಿ. ಬಿಟ್ಟು ಹೋದ್ರೆ ಕರೀತೀವಿ.”

ಮೊದಲನೇ ಮಾತು ಕಾಲೇಜಿನದು. ಎರಡನೆಯದು ನಿಗಾರ್ ಅವರದು. ಆಕೆ ಬರುವ ಮುಂಚೆ ಅಲ್ಲಿ ಯಾರನ್ನೂ ಯಾರೂ ಕರೆಯುತ್ತಿರಲಿಲ್ಲ. ಆ ಎರಡನೇ ಮಾತು ಹುಟ್ಟಿದ್ದು ಒಂದು ದೊಡ್ಡ ತಪ್ಪಿನಿಂದ, ಅದೂ ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು.

ನಿಗಾರ್ ಮೈಸೂರಿನ ಮಂಡಿ ಮೊಹಲ್ಲಾದವರು. ಬಿ.ಕಾಂ. ಎರಡನೇ ವರ್ಷದಲ್ಲಿ ಮದುವೆ, ಆಮೇಲೆ ಪುಸ್ತಕ ಮುಚ್ಚಿಟ್ಟಿದ್ದು ಮುಚ್ಚಿಟ್ಟ ಹಾಗೇ. ಗಂಡ ಮಕ್ಸೂದ್ ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ ಔಷಧಿ ಬಾಟಲಿಗಳಿಗೆ ಲೇಬಲ್ ಅಚ್ಚು ಹಾಕುವ ಘಟಕದ ಮೇಲ್ವಿಚಾರಕ. 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದಾಗ ಮಗಳು ಉಮೈಮಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸಿಕಮೋರ್ ಮೇಸಾಗೆ ಅಪ್ಲೈ ಮಾಡುತ್ತಿದ್ದಳು. ಹಿಂದೆ ನಿಂತು ಬೀನ್ಸ್ ಮುರಿಯುತ್ತಿದ್ದ ನಿಗಾರ್, ವಯಸ್ಸಿನ ಜಾಗ ನೋಡಿ ಕೇಳಿದರು:

“ಇಲ್ಲಿ ಇಷ್ಟು ವಯಸ್ಸಿನ ಒಳಗೆ ಅಂತ ಬರೆದೇ ಇಲ್ವಲ್ಲೇ?”

“ಇಲ್ಲ ಅಮ್ಮೀ, ಯಾರು ಬೇಕಾದ್ರೂ ಸೇರಬಹುದು,” ಅಂದಳು ಮಗಳು ಇಂಗ್ಲಿಷಿನಲ್ಲಿ.

“ನಲವತ್ತೇಳು ವರ್ಷದವರನ್ನೂ?”

ಉಮೈಮಾ ತಲೆ ಎತ್ತಿ ತಾಯಿಯ ಮುಖ ನೋಡಿದಳು. ತನ್ನ ಅರ್ಜಿ ಕಳಿಸಿ, ಇನ್ನೊಂದು ಖಾಲಿ ಅರ್ಜಿ ತೆರೆದು, ಲ್ಯಾಪ್‌ಟಾಪನ್ನು ತಾಯಿಯ ಕಡೆಗೆ ತಿರುಗಿಸಿದಳು.

ಎರಡು ವರ್ಷ ನಿಗಾರ್ ಅಕ್ಕಿ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದಿದರು. ಆಫೀಸ್ ಆಡಳಿತದ ಸರ್ಟಿಫಿಕೇಟ್. ಮೊದಲ ತಿಂಗಳು ಮೈಕ್ ಆರಿಸುವುದು ಗೊತ್ತಿಲ್ಲದೆ ಇಡೀ ಕ್ಲಾಸಿಗೆ ಕುಕ್ಕರಿನ ಸೀಟಿ ಕೇಳಿಸಿದರು. ಎರಡನೇ ವರ್ಷಕ್ಕೆ ತಾವೇ ಬೇರೆಯವರಿಗೆ ಮೈಕ್ ಆರಿಸುವುದನ್ನು ಹೇಳಿಕೊಟ್ಟರು. ಪಾಸಾದರು. 2022ರ ಸೆಪ್ಟೆಂಬರಿನಲ್ಲಿ ಅದೇ ಕಾಲೇಜಿನ ನಾಲ್ಕನೇ ಕಿಟಕಿಯಲ್ಲಿ ಕೆಲಸಕ್ಕೆ ಕೂತರು. ಖಾಯಂ ಆಗಬೇಕಾದರೆ ಒಂದು ವರ್ಷ ಪರೀಕ್ಷಾರ್ಥ ಸೇವೆ.

ಇಷ್ಟು ಆದದ್ದಕ್ಕೆ ನಮ್ಮವರು ಮೆಚ್ಚಿ ಬೆನ್ನು ತಟ್ಟಿರಬೇಕು ಅಂದುಕೊಂಡಿರಾ? ಆ ವರ್ಷದ ರಾಜ್ಯೋತ್ಸವದಲ್ಲಿ, ಬಾಡಿಗೆ ಹಾಲಿನಲ್ಲಿ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿದ್ದಾಗ, ಟೆಲಿಕಾಂನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಉದಯಶಂಕರ ಅವರು ಎಲ್ಲರಿಗೂ ಕೇಳುವ ಹಾಗೆ ಕೇಳಿದರು:

“ಕಮ್ಯುನಿಟಿ ಕಾಲೇಜಾ? ಎಲ್ಲೂ ಸೀಟು ಸಿಗದವರು ಹೋಗೋದು ಅಲ್ಲಿಗಲ್ವೇನಮ್ಮಾ?”

“ಹೌದು ಸಾರ್,” ಅಂದರು ನಿಗಾರ್. “ಎಲ್ಲೂ ಸೀಟು ಸಿಗದವರಿಗೂ ಒಂದು ಕಡೆ ಸೀಟು ಬೇಕಲ್ವಾ?”

ಉದಯಶಂಕರ ಅವರು ಚಮಚ ತೆಗೆದುಕೊಂಡು ಮುಂದೆ ಹೋದರು. ಅದೇ ಮಹಾನುಭಾವರು ಮರು ಬೇಸಿಗೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಯೂನಿವರ್ಸಿಟಿಯಲ್ಲಿ ಓದುವ ಮಗಳಿಗೆ ರಜೆಯಲ್ಲಿ ಕೆಮಿಸ್ಟ್ರಿ ಮುಗಿಸಬೇಕು ಅಂತ ನಾಲ್ಕನೇ ಕಿಟಕಿಯ ಮುಂದೆ ನಿಂತರು. “ಇಲ್ಲಿ ಪಾಸಾದ್ರೆ ಅಲ್ಲಿಗೆ ಕ್ರೆಡಿಟ್ ಟ್ರಾನ್ಸ್‌ಫರ್ ಆಗುತ್ತಂತಲ್ಲ,” ಅಂತ ಕದ್ದ ಮಾಲು ಕೇಳುವವರ ದನಿಯಲ್ಲಿ ಕೇಳಿದರು. ಆಗುತ್ತದೆ. ಎಲ್ಲ ಆಗುತ್ತದೆ. ಬಡವರು, ನರ್ಸ್ ಸಹಾಯಕಿಯರು, ಎರಡು ಕೆಲಸ ಮಾಡುವ ತಾಯಂದಿರು ಕೂತ ಅದೇ ಬೆಂಚಿನಲ್ಲಿ ಕೂತು ಲಾಭ ಮಾಡಿಕೊಳ್ಳುವುದಕ್ಕೆ ನಮಗೆ ನಾಚಿಕೆಯಿಲ್ಲ. ಆ ಬೆಂಚಿನ ಹೆಸರು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ನಾಚಿಕೆ. ನಿಗಾರ್ ಏನೂ ಆಡಿಕೊಳ್ಳಲಿಲ್ಲ. ಫಾರ್ಮ್ ಕೊಟ್ಟು, ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟರು.

ಈಗ ತಪ್ಪಿನ ವಿಷಯ.

ಕಾಲೇಜಿನಿಂದ ಹೇಳದೆ ಕೇಳದೆ ಮಾಯವಾಗುವವರ ಲೆಕ್ಕ ಬೇರೆ. ಹೇಳಿ ಬಿಡುವವರೆಲ್ಲ ನಾಲ್ಕನೇ ಕಿಟಕಿಗೆ ಬರಬೇಕು. ಅವರ ಹೆಸರಿನ ಮುಂದೆ ಕಂಪ್ಯೂಟರಿನಲ್ಲಿ ಮೂರು ಗುಂಡಿ. ನಮ್ಮ ಮಾತಲ್ಲಿ ಹೇಳುವುದಾದರೆ ‘ಪೂರೈಸಿದರು’, ‘ಹೋದರು’, ‘ಮರಳುವರು’. ಮೂರನೆಯದನ್ನು ಒತ್ತಿದರೆ ಯಾವತ್ತು ಮರಳುತ್ತಾರೆ ಅಂತ ತಾರೀಕು ಕೇಳುತ್ತದೆ.

ನಿಗಾರ್ ಹುಟ್ಟಿದ ಮನೆಯಲ್ಲಿ ಹೊಸ್ತಿಲು ದಾಟುವವರು ‘ಜಾತೂಂ’ ಅನ್ನುವ ಹಾಗಿರಲಿಲ್ಲ. ‘ಜಾಕೆ ಆತೂಂ’ ಅನ್ನಬೇಕು. ಕನ್ನಡದ ಯಾವ ಮನೆಯಲ್ಲೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ಒಂದು ದಿನ ರೇಷ್ಮೆ ಕಾರ್ಖಾನೆಗೆ ಹೊರಟಿದ್ದ ಅಪ್ಪ, ಅವರ ಅಬ್ಬಾ, ಅವಸರದಲ್ಲಿ ‘ಜಾತೂಂ’ ಅಂದುಬಿಟ್ಟರಂತೆ. ಅಮ್ಮ ಆರು ವರ್ಷದ ನಿಗಾರ್‌ಳನ್ನು ಬೀದಿ ಕೊನೆಯವರೆಗೆ ಓಡಿಸಿ ಅವರನ್ನು ವಾಪಸ್ ಕರೆಸಿ, ಕೂರಿಸಿ, ನೀರು ಕುಡಿಸಿ, ಮತ್ತೊಮ್ಮೆ ಸರಿಯಾಗಿ ಹೇಳಿಸಿ ಕಳಿಸಿದರಂತೆ. ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಆಗಿ ಅಬ್ಬಾಗೆ ಅರ್ಧ ದಿನದ ಕೂಲಿ ಹೋಯಿತು. ಅಮ್ಮನಿಗೆ ಅದರ ಬೇಸರ ಇರಲಿಲ್ಲ.

ಅಂಥ ಮನೆಯ ಮಗಳು ಬದುಕಿರುವ ಮನುಷ್ಯನ ಹೆಸರಿನ ಮುಂದೆ ‘ಹೋದರು’ ಅಂತ ಒತ್ತುತ್ತಾಳೆಯೇ? ಕಿಟಕಿಗೆ ಬಂದ ಪ್ರತಿಯೊಬ್ಬರಿಗೂ ನಿಗಾರ್ ತಮ್ಮ ಇಂಗ್ಲಿಷಿನಲ್ಲೇ ಹೇಳಿದರು, “ಹಾಗೆ ಹೋಗ್ತೀನಿ ಅನ್ನಬೇಡಿ, ಹೋಗಿ ಬರ್ತೀನಿ ಅನ್ನಿ.” ಅವರು ನಕ್ಕು ತಲೆಯಾಡಿಸಿದರು. ಇವರು ‘ಮರಳುವರು’ ಒತ್ತಿದರು. ತಾರೀಕು ಕೇಳಿದಾಗ ಮುಂದಿನ ಆಗಸ್ಟ್ ಇಪ್ಪತ್ತೊಂದು ಅಂತ ಹಾಕಿದರು, ಅವತ್ತು ಕಾಲೇಜು ಶುರು. ವರ್ಷದಲ್ಲಿ ಹೀಗೆ ನಲವತ್ಮೂರು ಜನ.

ಮೇ ತಿಂಗಳಲ್ಲಿ ಆಡಳಿತ ಮಂಡಳಿಯ ಮುಂದೆ ಕಾಲೇಜಿನ ಗುರಿಗಳ ವರದಿ ಬಂತು. ಬಿಟ್ಟು ಹೋಗುವವರನ್ನು ಐದು ವರ್ಷದಲ್ಲಿ ಶೇಕಡಾ ಇಪ್ಪತ್ತು ಕಡಿಮೆ ಮಾಡಬೇಕು ಅನ್ನೋದು ಗುರಿ. ಪರದೆಯ ಮೇಲೆ ಅಂಕಿ ಮೂಡಿತು: ಬಿಟ್ಟು ಹೋದವರು, ಸೊನ್ನೆ. ಸೊನ್ನೆ! ಅಷ್ಟು ಜನ ಡಾಕ್ಟರೇಟ್ ಪಡೆದವರು ಕೂತಿದ್ದ ಕೋಣೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ. ಕೇಕ್ ಬಂತು. ಹಸಿರು ಕೆನೆಯಲ್ಲಿ ದೊಡ್ಡ ಸೊನ್ನೆ ಬರೆದ ಕೇಕು. ಅಂಕಿ ತಮಗೆ ಬೇಕಾದ ಹಾಗಿದ್ದರೆ ಅದು ಯಾವ ಮನುಷ್ಯನದು ಅಂತ ಕೇಳುವ ಅಭ್ಯಾಸ ಈ ಕಾಲಕ್ಕೆ ತಪ್ಪಿಹೋಗಿದೆ. ನಿಗಾರ್ ಕೂಡ ಎರಡು ತುಂಡು ತಿಂದರು. ಇಂಥ ಒಳ್ಳೆ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದಕ್ಕೆ ದೇವರಿಗೆ ಶುಕ್ರಿಯಾ ಹೇಳುತ್ತ ತಿಂದರು.

ಜೂನಿನಲ್ಲಿ ಡೀನ್ ಮಾರಿಸೋಲ್ ಕರೆಸಿದರು. ಆಕೆಯೂ ಇದೇ ಕಾಲೇಜಿನ ಬೆಂಚಿನಿಂದ ಎದ್ದು ಬಂದವರು, ಗದರಿಸುವ ಸ್ವಭಾವದವರಲ್ಲ. ಪರದೆ ತಿರುಗಿಸಿ ತೋರಿಸಿದರು.

“ನಿಗಾರ್, ಈ ನಲವತ್ಮೂರು ಜನವೂ ಆಗಸ್ಟ್ ಇಪ್ಪತ್ತೊಂದಕ್ಕೇ ವಾಪಸ್ ಬರ್ತೀವಿ ಅಂದ್ರಾ?”

“ಇಲ್ಲ.”

“ಮತ್ತೆ ಯಾರು ಅಂದ್ರು?”

“ನಾನೇ ಅಂದೆ. ಅವರು ತಲೆಯಾಡಿಸಿದ್ರು.”

ಮಾರಿಸೋಲ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ನಿಗಾರ್ ಮಂಡಿ ಮೊಹಲ್ಲಾದಿಂದ ಶುರು ಮಾಡಿ ಎಲ್ಲ ವಿವರಿಸಿದರು. ಅಬ್ಬಾ, ನೀರಿನ ಲೋಟ, ಸೈರನ್, ಒಂದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಮಾರಿಸೋಲ್ ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡರು ನಿಗಾರ್. ಆಕೆ ನಗುತ್ತಿದ್ದರು. ಆಮೇಲೆ ನಗು ನಿಂತಿತು.

“ವರದಿ ಹೊರಗೆ ಹೋಗಿಬಿಟ್ಟಿದೆ. ನಾನು ತಿದ್ದುಪಡಿ ಕಳಿಸಲೇಬೇಕು. ಸೆಪ್ಟೆಂಬರ್ ಐದು, ಸಂಜೆ ಐದು ಗಂಟೆಗೆ ತಲೆ ಎಣಿಕೆ. ಅಷ್ಟರೊಳಗೆ ಹೆಸರು ನೋಂದಾಯಿಸಿದವರು ಮಾತ್ರ ಮರಳಿದವರು. ಉಳಿದವರನ್ನ ನೀವೇ ಕೈಯಾರೆ ‘ಹೋದರು’ ಮಾಡಬೇಕು.”

“ನನ್ನ ಕೆಲಸ?”

“ಮೇಲಿನವರು ಇವತ್ತೇ ತೆಗೀಬೇಕು ಅಂದ್ರು. ನಾನು ವಾದ ಮಾಡಿದೆ. ಅರ್ಧದಷ್ಟು ಜನ ನಿಜವಾಗಿ ಬಂದ್ರೆ ಇರಲಿ ಅಂದಿದ್ದಾರೆ. ಇಪ್ಪತ್ತೆರಡು ಜನ, ನಿಗಾರ್. ಪ್ರತಿ ವರ್ಷ ಎಷ್ಟು ಜನ ಮರಳುತ್ತಾರೆ ಗೊತ್ತಾ? ಆರು. ಹೆಚ್ಚಂದ್ರೆ ಏಳು.”

ಮನೆಗೆ ಬಂದು ಹೇಳಿದಾಗ ಮಕ್ಸೂದ್ ಮೊದಲು ಹೌಹಾರಿದರು, ಆಮೇಲೆ ತಮಾಷೆ ಮಾಡುವ ಹಳೇ ಚಾಳಿ ಬಿಡಲಿಲ್ಲ.

“ನೀನು ಅವರನ್ನ ಕಳಿಸಿಕೊಟ್ಟಿದ್ದಲ್ಲ ಮಾರಾಯ್ತಿ, ದಾರ ಕಟ್ಟಿ ಬಿಟ್ಟಿದ್ದು. ಈಗ ಎಳಿ.”

“ಎಳೀತೀನಿ. ನೀವು ಚಹಾ ಮಾಡಿ.”

ಇದು ಕೆಲಸದ ಪ್ರಶ್ನೆ ಮಾತ್ರ ಆಗಿರಲಿಲ್ಲ. ನಲವತ್ತೊಂಬತ್ತನೇ ವಯಸ್ಸಿಗೆ ಮೊದಲ ಸಲ ಆಕೆಯ ಕೊರಳಲ್ಲಿ ಆಕೆಯದೇ ಹೆಸರಿನ ಚೀಟಿ ತೂಗಾಡಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟು ಬರುವುದು ಆಕೆಗೆ ಬೇಕಾಗಿರಲಿಲ್ಲ.

ಫೋನ್ ಮಾಡುವವರಿಗೆ ಅಂತ ಕಾಲೇಜಿನಲ್ಲಿ ಏಳು ವಾಕ್ಯದ ಒಂದು ಕಾಗದ ಇತ್ತು. ‘ನಿಮ್ಮ ಶೈಕ್ಷಣಿಕ ಪಯಣದ ಮುಂದಿನ ಹೆಜ್ಜೆಗೆ ನಾವು ಹೇಗೆ ನೆರವಾಗಬಹುದು’ ಅಂತ ಶುರುವಾಗುತ್ತಿತ್ತು. ಮೊದಲ ಮೂರು ಜನ ಎರಡನೇ ವಾಕ್ಯಕ್ಕೇ ಫೋನಿಟ್ಟರು, ವಿಮೆ ಮಾರುವವರು ಅಂದುಕೊಂಡು. ನಿಗಾರ್ ಕಾಗದ ಮಡಿಸಿ ಡ್ರಾಯರಿಗೆ ಹಾಕಿ ತಮ್ಮದೇ ದಾರಿ ಹಿಡಿದರು. “ನಾನು ನಾಲ್ಕನೇ ಕಿಟಕಿಯ ನಿಗಾರ್. ನೀವು ಬರ್ತೀನಿ ಅಂದಿದ್ರಿ. ನಾನು ಕಂಪ್ಯೂಟರಲ್ಲಿ ಬರೆದುಬಿಟ್ಟಿದೀನಿ. ಈಗ ಸಿಕ್ಕಿಹಾಕ್ಕೊಂಡಿದೀನಿ. ಏನಾಯ್ತು, ಯಾಕೆ ಬಿಟ್ರಿ?”

ಇಷ್ಟು ನೇರವಾಗಿ ಕೇಳಿದರೆ ಜನ ಏನು ಹೇಳುತ್ತಾರೆ ಗೊತ್ತೇ? ನಿಜ ಹೇಳುತ್ತಾರೆ.

ಎಸ್ಕಾಂಡಿಡೋದ ಒಬ್ಬ ನರ್ಸ್ ಸಹಾಯಕಿ ಒಂದಿಡೀ ವರ್ಷ ಓದು ಬಿಟ್ಟಿದ್ದಳು. ಕಾರಣ ಲೈಬ್ರರಿಯ ಒಂದು ಪುಸ್ತಕ. ಅದನ್ನು ಆಕೆಯ ನಾಯಿ ಕಚ್ಚಿ ಹರಿದಿತ್ತು. ಪುಸ್ತಕ ಹಿಂದಿರುಗಿಸುವವರೆಗೆ ಹೊಸ ಕ್ಲಾಸಿಗೆ ಸೇರುವ ಹಾಗಿಲ್ಲ ಅಂತ ಕಂಪ್ಯೂಟರ್ ಬಾಗಿಲು ಹಾಕಿತ್ತು. ನಾಯಿ ಕಚ್ಚಿದ್ದನ್ನು ಹೇಳಲು ಆಕೆಗೆ ನಾಚಿಕೆ. ಮನುಷ್ಯರನ್ನು ಕೇಳದೆ ಬಾಗಿಲು ಹಾಕುವ ಯಂತ್ರ ಇಟ್ಟುಕೊಂಡು, ಗೋಡೆಯ ಮೇಲೆ ಸಬಲೀಕರಣ ಅಂತ ಬರೆಸಿದ್ದಾರೆ! ನಿಗಾರ್ ಲೈಬ್ರರಿಗೆ ಹೋಗಿ ಕೇಳಿದರು. ಲೈಬ್ರರಿಯವರು, ಉಳಿದಷ್ಟನ್ನು ತರಲಿ ಸಾಕು ಅಂದರು. ಆಕೆ ತಂದಳು. ಹಲ್ಲಿನ ಗುರುತಿನ ಆ ಅರ್ಧ ಪುಸ್ತಕ ಈಗ ಲೈಬ್ರರಿಯವರ ಮೇಜಿನ ಮೇಲೆ ಶೋಭಿಸುತ್ತಿದೆ. ಆಕೆ ಕ್ಲಾಸಿನಲ್ಲಿದ್ದಾಳೆ.

ಇನ್ನೊಬ್ಬನಿಗೆ ಸಂಜೆಯ ಬಸ್ಸು ನಿಂತುಹೋಗಿತ್ತು, ಅಷ್ಟೇ. ಅವನ ಕ್ಲಾಸನ್ನು ಬೆಳಿಗ್ಗೆಗೆ ಬದಲಾಯಿಸಿದ್ದಾಯಿತು. ಒಬ್ಬ ತಾಯಿ, “ಬರ್ತೀನಿ ಅಂದಿದ್ದು ನಾನಲ್ಲ, ನೀವು!” ಅಂತ ಜಗಳಕ್ಕೆ ಬಂದು, ಜಗಳ ಮುಗಿಯುವಷ್ಟರಲ್ಲಿ ಎರಡು ಕ್ಲಾಸಿಗೆ ಹೆಸರು ಕೊಟ್ಟಳು. ಒಬ್ಬಾತ ಮಾತ್ರ, “ನನಗೆ ಒಳ್ಳೇ ಕೆಲಸ ಸಿಕ್ಕಿದೆ ಮೇಡಂ, ಕಾಲೇಜು ಬೇಡ, ಆರಾಮಾಗಿದ್ದೀನಿ,” ಅಂದ. ನಿಗಾರ್‌ಗೆ ಖುಷಿಯೇ ಆಯಿತು. ‘ಆರಾಮಾಗಿದ್ದಾರೆ’ ಅಂತ ಒತ್ತಲು ಗುಂಡಿ ಹುಡುಕಿದರು. ಇರಲಿಲ್ಲ.

ಆಗಸ್ಟ್ ಮಧ್ಯಕ್ಕೆ ಹದಿನೈದು ಜನ. ತಿಂಗಳ ಕೊನೆಗೆ ಇಪ್ಪತ್ತೊಂದು. ಅಲ್ಲಿಗೆ ನಿಂತುಹೋಯಿತು. ಉಳಿದವರೆಲ್ಲ ಆಗಲ್ಲ ಅಂದಿದ್ದರು. ಫೋನಿಗೆ ಸಿಗದೆ ಉಳಿದವರು ಒಬ್ಬರೇ, ಬೆಳಗಾವಿಯ ಅಪ್ಪಾಸಾಹೇಬ.

ಅಪ್ಪಾಸಾಹೇಬರಿಗೆ ಐವತ್ತಾರು. ಬೆಳಗಾವಿಯಲ್ಲಿ ಇಪ್ಪತ್ತು ವರ್ಷ ಫ್ರಿಜ್ ರಿಪೇರಿ ಮಾಡಿದ ಕೈ. ಇಲ್ಲಿ ಫ್ರಿಜ್ಜಿನ ಗ್ಯಾಸ್ ಮುಟ್ಟಬೇಕಾದರೆ ಲೈಸೆನ್ಸ್ ಬೇಕು, ಅದಕ್ಕೆ ಅಂತ ಕಾಲೇಜು ಸೇರಿದ್ದರು. ಎರಡೇ ಕ್ಲಾಸು ಬಾಕಿ ಇದ್ದಾಗ ಹೆಂಡತಿಗೆ ಆರ್ಟೀಸಿಯಾದ ಸೀರೆ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವ ಕೆಲಸ ಸಿಕ್ಕಿ, ಗಂಡ ಹೆಂಡತಿ ಲಾಸ್ ಏಂಜಲಿಸ್ ಕಡೆಗೆ ಮನೆ ಬದಲಾಯಿಸಿದ್ದರು. ಫೋನ್ ನಂಬರೂ ಬದಲಾಗಿತ್ತು. ಹೋಗುವಾಗ ‘ಸಿಹಿ ಅಂಗಡ್ಯಾಗ ಸೇರ್ಕೋತೀನಿ’ ಅಂದಿದ್ದಷ್ಟೇ ನಿಗಾರ್‌ಗೆ ನೆನಪು.

ಸೆಪ್ಟೆಂಬರ್ ಎರಡು, ಶನಿವಾರ. ನಿಗಾರ್, ಮಕ್ಸೂದ್ ಇಬ್ಬರೂ ಆರ್ಟೀಸಿಯಾಗೆ ಕಾರು ಹತ್ತಿದರು.

“ಮಸಾಲೆ ತರೋಕೆ ಅಂತ ಹೊರಟಿದೀಯೋ, ಮನುಷ್ಯರನ್ನ ತರೋಕೋ?” ಅಂದರು ಮಕ್ಸೂದ್.

“ಎರಡೂ. ಲಿಸ್ಟ್ ಮಾಡ್ಕೊಂಡಿದೀನಿ.”

ಆರ್ಟೀಸಿಯಾದಲ್ಲಿ ನಮ್ಮವರ ಅಂಗಡಿಗಳೇ ತುಂಬಿದ ಬೀದಿ ಪಯನೀಯರ್ ಬುಲೆವಾರ್ಡಿನಲ್ಲಿ ಸಿಹಿ ಅಂಗಡಿಗಳಿಗೇನು ಬರವೇ? ಎಲ್ಲ ಕಡೆ ಅದೇ ಜಿಲೇಬಿ, ಅದೇ ಕಾಜು ಕತ್ಲಿ. ಒಳಗೆ ಅಡುಗೆಮನೆಯಲ್ಲಿ ಯಾರಿದ್ದಾರೆ ಅಂತ ಕೌಂಟರಿನವರು ಹೇಳುವುದಿಲ್ಲ. ನಿಗಾರ್ ಒಂದು ಉಪಾಯ ಮಾಡಿದರು. ಪ್ರತಿ ಅಂಗಡಿಯಲ್ಲಿ ಒಂದೇ ಪ್ರಶ್ನೆ: “ಕುಂದಾ ಇದೆಯಾ?” ಮೊದಲ ಅಂಗಡಿಯವರು ಹಾಗಂದರೇನು ಅಂದರು. ಎರಡನೆಯವರು ಪೇಡಾ ತೋರಿಸಿದರು. ಮೂರನೆಯ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ, ಕಂದು ಬಣ್ಣದ, ಹರಳು ಹರಳಾದ, ಅಪ್ಪಟ ಬೆಳಗಾವಿ ಕುಂದಾ ಕೂತಿತ್ತು.

“ಇದನ್ನ ಮಾಡೋರನ್ನ ಕರೀರಿ,” ಅಂದರು ನಿಗಾರ್.

ಅಪ್ಪಾಸಾಹೇಬರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವರು ಅಲ್ಲೇ ನಿಂತರು. “ಅಯ್ಯ! ಅಕ್ಕಾರ, ನೀವ್ಯಾಕ ಬಂದ್ರಿ ಇಲ್ಲಿ?”

“ನೀವು ಬರ್ತೀನಿ ಅಂದು ಬರ್ಲಿಲ್ಲ. ಅದಕ್ಕೆ ನಾನೇ ಬಂದೆ.”

“ನಾ ಯಾವಾಗ ಅಂದೇನ್ರಿ? ನಾ ಸುಮ್ನ ಹೊಂಟಿದ್ದೆ. ಹೋಗಿ ಬರ್ತೀನಿ ಅನ್ರಿ ಅಂತ ನನ್ನ ಬಾಯಿಲೆ ಅನ್ನಿಸಿದವರು ನೀವ!”

“ಅನ್ನಿಸಿದೆ. ನೀವು ಅಂದ್ರಿ. ಅಂದಮೇಲೆ ಮುಗೀತು.”

ಮಕ್ಸೂದ್ ಮಧ್ಯೆ ಬಾಯಿ ಹಾಕಿದರು, “ಇವಳ ಹತ್ರ ವಾದ ಮಾಡಬೇಡಿ ಸಾಹೇಬ್ರೇ, ಮೂವತ್ತು ವರ್ಷದಿಂದ ನಾನೇ ಬಿಟ್ಟುಬಿಟ್ಟಿದೀನಿ.”

ನಿಗಾರ್ ತಮ್ಮ ಕಷ್ಟ ಎಲ್ಲ ಹೇಳಿದರು. ಹೇಳಿ, ಆಮೇಲೆ ಹೇಳಬೇಕಾದ್ದನ್ನೂ ಹೇಳಿದರು. “ಇಲ್ಲೇ ಹತ್ತಿರದಲ್ಲೂ ಕಾಲೇಜಿದೆ. ಅಲ್ಲಿ ಸೇರಿದ್ರೂ ನಿಮಗೆ ಒಳ್ಳೇದೇ. ನನ್ನ ಲೆಕ್ಕಕ್ಕೆ ಬರೋದಿಲ್ಲ ಅಷ್ಟೇ. ನನಗೋಸ್ಕರ ಬರಬೇಡಿ.”

ಅಪ್ಪಾಸಾಹೇಬರು ಅಂಗಡಿಯ ಕೂಲಿಂಗ್ ಪೆಟ್ಟಿಗೆಯ ಮೇಲೆ ಕೈಯಿಟ್ಟರು. “ಇದರ ಫ್ಯಾನ್ ಕೆಟ್ರ ನಾ ಮಾಡ್ತೀನಿ, ಬಾಗಿಲಾ ಮಾಡ್ತೀನಿ. ಗ್ಯಾಸ್ ಮುಟ್ಟೂ ಹಂಗಿಲ್ಲ. ಹೊರಗಿನಾಂವ ಬಂದು ತಪ್ಪು ಮಾಡೂದನ್ನ ಕೈ ಕಟ್ಟಿ ನೋಡ್ಕೋತ ನಿಂದರ್ತೀನ್ರಿ. ಕೈ ತುರಸ್ತಾವ.” ಮತ್ತೆ ನಿಗಾರ್ ಕಡೆ ತಿರುಗಿದರು. “ಹತ್ತಿರದ ಕಾಲೇಜು ಛಲೋನ ಇದ್ದೀತು. ಆದ್ರ ಅಲ್ಲಿ ನಾ ಬಿಟ್ರ ಹುಡುಕ್ಕೊಂಡು ಯಾರು ಬರ್ತಾರ್ರಿ? ಮಂಗಳವಾರ ನನಗ ಸೂಟಿ. ಬರ್ತೀನಿ.”

ಆನ್‌ಲೈನಿನಲ್ಲೇ ಸೇರಬಹುದಿತ್ತಲ್ಲ ಅನ್ನುವವರಿಗೆ ಹೇಳುತ್ತೇನೆ: ಪಾಸ್‌ವರ್ಡ್ ಮರೆತಿತ್ತು, ಹೊಸ ಪಾಸ್‌ವರ್ಡಿನ ಕೋಡ್ ಹಳೇ ಫೋನಿಗೆ ಹೋಗುತ್ತಿತ್ತು. ಆ ಗಂಟು ಬಿಡಿಸಬೇಕಾದರೆ ಅಪ್ಪಾಸಾಹೇಬರು ಗುರುತಿನ ಚೀಟಿ ಹಿಡಿದು ಖುದ್ದಾಗಿ ನಾಲ್ಕನೇ ಕಿಟಕಿಗೆ ಬರಬೇಕಿತ್ತು.

ಮಂಗಳವಾರ, ಸೆಪ್ಟೆಂಬರ್ ಐದು. ಕುಂದಾ ಒಲೆಯಿಂದ ಇಳಿಸಿ ಒಂದು ಗಂಟೆಗೆ ಹೊರಟಿದ್ದೇನೆ ಅಂತ ಫೋನ್ ಬಂತು. ಎರಡು ಗಂಟೆಯ ದಾರಿ. ಮೂರೂವರೆಗೆ ಮತ್ತೆ ಫೋನ್.

“ಅಕ್ಕಾರ, ರಸ್ತಾದ ಮ್ಯಾಲ ದೋಣಿ ಐತ್ರಿ!”

“ಏನಿದೆ?”

“ದೋಣಿ! ನೀರಾಗ ಹೋಗೂ ದೋಣಿ! ಓಷನ್‌ಸೈಡ್ ಹತ್ರ. ಯಾರೋ ಪುಣ್ಯಾತ್ಮ ಗಾಡಿಗೆ ಕಟ್ಟಿ ಒಯ್ಯಾಕತ್ತಿದ್ದ, ಬಿಚ್ಚಿ ಬಿದ್ದೈತಿ. ಮೂರು ಲೇನ್ ಬಂದ್.”

ಉದ್ದ ರಜೆ ಮುಗಿಸಿ ಸಮುದ್ರದಿಂದ ಮನೆಗೆ ಹೊರಟ ಯಾರದೋ ಮೋಜಿನ ದೋಣಿ. ನಾಲ್ಕು ಗಂಟೆಗೂ ಅಪ್ಪಾಸಾಹೇಬರು ದೋಣಿಯ ಹಿಂದೆಯೇ. ನಾಲ್ಕೂ ಮುಕ್ಕಾಲಿಗೆ ಪಕ್ಕದ ಮೂರನೇ ಕಿಟಕಿಯ ಟೆರೆಸಾ ಕುರ್ಚಿ ಜರುಗಿಸಿಕೊಂಡು ಬಂದಳು.

“ಹೇಗೂ ಬರ್ತಾ ಇದಾರೆ. ನಾಲ್ಕು ಐವತ್ತೈದಕ್ಕೆ ಬಂದ್ರು ಅಂತ ನಾನು ಹಾಕಿಬಿಡ್ತೀನಿ. ಯಾರು ನೋಡ್ತಾರೆ?”

“ಬೇಡ ಟೆರೆಸಾ.”

“ನಿನ್ನ ಕೆಲಸ ಹೋಗುತ್ತೆ ಕಣೇ!”

“ಬರದೇ ಇರೋರನ್ನ ಬರ್ತಾರೆ ಅಂತ ಬರೆದೇ ಇಷ್ಟೆಲ್ಲ ಆಗಿದ್ದು. ಆಗ ಗೊತ್ತಿಲ್ಲದೆ ಬರೆದೆ. ಈಗ ಗೊತ್ತಿದ್ದೂ ಬರೀಲಾ?”

ಐದು ಗಂಟೆಗೆ ನಿಗಾರ್ ಪರದೆಯ ಮುಂದೆ ಕೂತರು. ಇಪ್ಪತ್ತೆರಡು ಹೆಸರು. ಒಂದೊಂದನ್ನೂ ಬಾಯಲ್ಲಿ ಓದಿ, ‘ಹೋಗಿ ಬನ್ನಿ’ ಅಂತ ಮೆಲ್ಲಗೆ ಹೇಳಿ, ಬೆರಳಲ್ಲಿ ‘ಹೋದರು’ ಒತ್ತಿದರು. ಕೊನೆಯದು ಅಪ್ಪಾಸಾಹೇ­ಬರದು. ಅದಕ್ಕೆ ಮಾತ್ರ ಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು ಅಂತ ಟೆರೆಸಾ ಈಗಲೂ ಹೇಳುತ್ತಾಳೆ.

ಐದೂ ಇಪ್ಪತ್ತಕ್ಕೆ ಅಪ್ಪಾಸಾಹೇಬರು ಒಂದು ಕೈಯಲ್ಲಿ ಗುರುತಿನ ಚೀಟಿ, ಇನ್ನೊಂದರಲ್ಲಿ ಎರಡು ಕಿಲೋ ಕುಂದಾ ಹಿಡಿದು ಓಡಿಬಂದರು. “ಆತೇನ್ರಿ?”

“ಆಯ್ತು. ನೀವು ಹೋದ್ರಿ,” ಅಂದರು ನಿಗಾರ್, ಕಣ್ಣೊರೆಸಿಕೊಂಡು ನಗುತ್ತ.

“ಎಲ್ಲಿ ಹೋದ್ನಿ? ಇಲ್ಲೇ ನಿಂತೇನಲ್ರಿ!”

ಅಪ್ಪಾಸಾಹೇಬರ ಕೆಲಸವೇನೂ ಕೆಡಲಿಲ್ಲ. ಅವರಿಗೆ ಬೇಕಾಗಿದ್ದ ಶನಿವಾರದ ಕ್ಲಾಸು ಅಕ್ಟೋಬರಿನಲ್ಲಿ ಶುರು, ಅದಕ್ಕೆ ಆಗಲೇ ಹೆಸರು ಹಚ್ಚಿದರು. ಆದರೆ ಕಂಪ್ಯೂಟರಿನ ಪ್ರಕಾರ ಅಪ್ಪಾಸಾಹೇಬರು ಇಪ್ಪತ್ತು ನಿಮಿಷದ ಹಿಂದೆ ಕಾಲೇಜು ಬಿಟ್ಟು ಹೋಗಿದ್ದರು, ಈಗ ಬಂದವರು ಹೊಸ ವಿದ್ಯಾರ್ಥಿ. ಹೊಸ ವಿದ್ಯಾರ್ಥಿ ಕ್ಯಾಂಪಸ್ ಸುತ್ತಾಡಿ ನೋಡುವುದು ಕಡ್ಡಾಯ. ಹದಿನೆಂಟರ ಹುಡುಗ ಹುಡುಗಿಯರ ಸಾಲಿನ ಹಿಂದೆ ಐವತ್ತಾರರ ಅಪ್ಪಾಸಾಹೇಬರು ಲೈಬ್ರರಿ, ಕ್ಯಾಂಟೀನು, ಶೌಚಾಲಯ ಎಲ್ಲ ನೋಡಿ ಬಂದರು. “ಭಾಳ ಛಲೋ ತೋರಿಸಿದ್ರು. ಎರಡು ವರ್ಷ ಇಲ್ಲೇ ಇದ್ನಲ್ಲ, ಕ್ಯಾಂಟೀನ್ ಐತಿ ಅಂತ ಇವತ್ತು ಗೊತ್ತಾತು,” ಅಂದರು.

ಡೀನ್ ಮಾರಿಸೋಲ್ ಅವತ್ತು ಸಂಜೆಯೇ ಮೇಲಿನವರಿಗೆ ಕಾಗದ ಬರೆದರು. ಸುಳ್ಳು ಒಂದೂ ಬರೆಯಲಿಲ್ಲ. ‘ನಲವತ್ಮೂರರಲ್ಲಿ ಅರ್ಧ ಅಂದರೆ ಇಪ್ಪತ್ತೊಂದೂವರೆ. ಇಪ್ಪತ್ತೊಂದು ಜನ ಮರಳಿದ್ದಾರೆ. ಇನ್ನೊಬ್ಬರು ಐದು ಗಂಟೆಗೆ ದಾರಿಯಲ್ಲಿದ್ದರು, ಒಂದು ದೋಣಿಯ ದೆಸೆಯಿಂದ ತಡವಾಯಿತು. ಕಳೆದ ವರ್ಷ ಮರಳಿದವರು ಆರು ಜನ.’ ಮೇಲಿನವರು ನಗಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಪರೀಕ್ಷಾರ್ಥ ಅವಧಿಯನ್ನು ಆರು ತಿಂಗಳು ಮುಂದೂಡಿದರು.

ತಿದ್ದುಪಡಿ ಮಂಡಳಿಯ ಮುಂದೆ ಹೋಯಿತು. ಸುಳ್ಳು ಸೊನ್ನೆಗೆ ಕೇಕ್ ತರಿಸಿದವರು ನಿಜವಾದ ಇಪ್ಪತ್ತೊಂದಕ್ಕೆ ಒಂದು ಬಿಸ್ಕತ್ತೂ ತರಿಸಲಿಲ್ಲ. ದಾಖಲೆ ವಿಭಾಗದವರು ಬಾಗಿಲು ಹಾಕಿಕೊಂಡು ಕುಂದಾ ತಿಂದರು. 2024ರ ಮಾರ್ಚಿನಲ್ಲಿ ನಿಗಾರ್ ಖಾಯಂ ಆದರು. ಅದೇ ವರ್ಷ ಕಾಲೇಜಿನ ಹೊಸ ಯೋಜನೆ ಹೊರಬಂತು, ಅರವತ್ತನಾಲ್ಕು ಪುಟ. ಮೂರನೇ ಗುರಿ: ಓದು ಬಿಟ್ಟ ಪ್ರತಿಯೊಬ್ಬರಿಗೂ ಸಿಬ್ಬಂದಿ ಖುದ್ದಾಗಿ ಫೋನ್ ಮಾಡಿ ಕಾರಣ ಕೇಳತಕ್ಕದ್ದು. ಅರವತ್ತನಾಲ್ಕು ಪುಟದಲ್ಲಿ ಎಲ್ಲೂ ನಿಗಾರ್ ಅವರ ಹೆಸರಿಲ್ಲ. ಹಿಂಬದಿಯಲ್ಲಿ ಸಲಹೆಗಾರರ ಕಂಪನಿಯ ಹೆಸರಿದೆ, ಬಣ್ಣದಲ್ಲಿ. ನನ್ನ ಹೊಟ್ಟೆ ಉರಿಯುವುದು ಇದಕ್ಕೆ. ನಿಗಾರ್‌ಗೆ ಅದರ ಚಿಂತೆಯಿಲ್ಲ. ಪುಸ್ತಕ ದಪ್ಪಗಿದೆ ಅಂತ ಕಂಪ್ಯೂಟರ್ ಪರದೆಯ ಕೆಳಗೆ ಎತ್ತರಕ್ಕೆ ಇಟ್ಟುಕೊಂಡಿದ್ದಾರೆ.

ಆ ಮೇ ತಿಂಗಳಲ್ಲಿ ಅಪ್ಪಾಸಾಹೇಬರ ಎರಡನೇ ಕ್ಲಾಸೂ ಮುಗಿಯಿತು. ಸರ್ಟಿಫಿಕೇಟ್ ತೆಗೆದುಕೊಳ್ಳಲು ಕಿಟಕಿಗೆ ಬಂದರು. ಲೈಸೆನ್ಸ್ ಆಗಲೇ ಜೇಬಿನಲ್ಲಿತ್ತು. ನಿಗಾರ್ ಅವರ ಹೆಸರಿನ ಮುಂದೆ ಮೊದಲನೇ ಗುಂಡಿ ಒತ್ತಿದರು: ‘ಪೂರೈಸಿದರು’. ತಾರೀಕು ಕೇಳಲಿಲ್ಲ.

“ಹೋಗಿ ಬರ್ತೀನ್ರಿ ಅಕ್ಕಾರ.”

ನಿಗಾರ್ ಖುಷಿಯಲ್ಲಿದ್ದರು. “ಇನ್ನು ಬರೋದು ಬೇಡ! ನಿಮ್ಮದು ಮುಗೀತು. ಹೋಗಿ, ಹೋಗಿ!”

ಅಪ್ಪಾಸಾಹೇಬರು ನಕ್ಕು ಹೊರಟರು. ಗಾಜಿನ ಬಾಗಿಲಿನವರೆಗೆ ಹೋದರು. ಅಲ್ಲೇ ನಿಂತರು. ತಿರುಗಿ ಬಂದರು.

“ಅಕ್ಕಾರ, ಹಂಗ ಹೇಳಿ ಕಳಸಬ್ಯಾಡ್ರಿ. ಆರ್ಟೀಸಿಯಾ ದೂರ ಐತಿ.”

ನಿಗಾರ್ ನಾಲಿಗೆ ಕಚ್ಚಿಕೊಂಡರು. ಕಿಟಕಿಯ ಹಿಂದಿನಿಂದ ಎದ್ದು ಹೊರಗೆ ಬಂದು ಅವರನ್ನು ಬೆಂಚಿನ ಮೇಲೆ ಕೂರಿಸಿದರು. ಲೋಟದಲ್ಲಿ ನೀರು ತಂದುಕೊಟ್ಟರು. ಅವರು ಪೂರ್ತಿ ಕುಡಿಯುವವರೆಗೆ ಎದುರಿಗೇ ನಿಂತಿದ್ದರು. ಸಾಲಿನಲ್ಲಿದ್ದ ಏಳೆಂಟು ಜನ ಏನು ನಡೆಯುತ್ತಿದೆ ಅಂತ ತಿಳಿಯದೆ ಸುಮ್ಮನೆ ಕಾದರು.

“ಈಗ ಹೇಳಿ.”

“ಹೋಗಿ ಬರ್ತೀನ್ರಿ.”

“ಹೋಗಿ ಬನ್ನಿ.”

ಅಪ್ಪಾಸಾಹೇಬರು ಲೋಟ ಕೊಟ್ಟು, ಎದ್ದು, ಜೇಬು ತಡವಿಕೊಂಡು ಕೇಳಿದರು. “ಹಂಗಾದ್ರ ಒಂದು ಖಾಲಿ ಫಾರ್ಮ್ ಕೊಡ್ರಿ. ಮನ್ಯಾಗಿನಾಕಿಗೆ ಇಂಗ್ಲಿಷ್ ಕಲೀಬೇಕಂತ. ಕಂಪ್ಯೂಟರ್‌ನ್ಯಾಗ ಕ್ಲಾಸ್ ಅದಾವಂತಲ್ಲ?”

“ಇವೆ,” ಅಂದರು ನಿಗಾರ್. ಫಾರ್ಮ್ ತೆಗೆದು, ಎಲ್ಲಿ ಸಹಿ ಹಾಕಬೇಕು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟರು.